ಅಜ್ಜನ ‘ಪ್ರಪಂಚ’ಕ್ಕೆ ಯಾರೂ ಬಿಡ್ ಮಾಡಲಿಲ್ಲ

ಈ ಸಂಚಿಕೆಯ ರೆಕಾರ್ಡಿಂಗ್‌ನಲ್ಲಿ ಎರಡು ಕಡೆ ನಾನು ಸೀನಿದ್ದು ಕೇಳಿಸುತ್ತೆ. ಎಡಿಟ್ ಮಾಡುವಾಗ ತೆಗೆದುಬಿಡೋಣ ಅಂದ್ಕೊಂಡಿದ್ದೆ, ಆಮೇಲೆ ಹಾಗೇ ಬಿಟ್ಟೆ. ಯಾಕಂದ್ರೆ ಇವತ್ತಿನ ಕಥೆ ಶುರುವಾಗೋದೇ ಎರಡು ಮೆಣಸಿನಕಾಯಿ ಚೀಲಗಳಿಂದ. ಅದರೊಳಗಿದ್ದ ಕಾಗದಗಳು ಈಗ ನನ್ನ ಮೇಜಿನ ಮೇಲಿವೆ. ಅಷ್ಟು ವರ್ಷ ಆದರೂ ಘಾಟು ಹೋಗಿಲ್ಲ.

ನಮ್ಮ ಅಜ್ಜ ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಬೆಳಗ್ಗೆ ಎದ್ದು ಟೋಪಿ ಹಾಕ್ಕೊಂಡು ಹೋದರೆ ರಾತ್ರಿ ಲೆಕ್ಕ ಮುಗಿಸಿಯೇ ಮನೆಗೆ. ಓದಿದ್ದು ಮುಲ್ಕಿ ಪರೀಕ್ಷೆವರೆಗೆ, ಆದರೆ ಓದೋ ಹುಚ್ಚು ವಿಪರೀತ. 2019ರಲ್ಲಿ ತೀರಿಕೊಂಡರು. ಎರಡು ವರ್ಷ ಬಿಟ್ಟು ಬ್ಯಾಡಗಿಯ ಮನೆ ಮಾರಬೇಕು ಅಂತಾದಾಗ ಅಟ್ಟ ಖಾಲಿ ಮಾಡಲು ನಾನು ಮತ್ತು ರಾಣೇಬೆನ್ನೂರಿನ ಚಿಕ್ಕಪ್ಪ ಹೋದೆವು. ಹಳೇ ತಾಮ್ರದ ಹಂಡೆ, ಮುರಿದ ತೊಟ್ಟಿಲು, ಆ ಕಡೆ ಮೂಲೆಯಲ್ಲಿ ಸುತಲಿಯಿಂದ ಬಾಯಿ ಹೊಲಿದ ಎರಡು ಗೋಣಿಚೀಲ. ಚಿಕ್ಕಪ್ಪ ಕೈಯಿಂದ ಒತ್ತಿ ನೋಡಿ, “ಮೆಣಸಿನಕಾಯಿ ಅಲ್ಲಲೇ ತಮ್ಮಾ, ಪುಸ್ತಕ ಇದ್ದಂಗ ಅದಾವು” ಅಂದರು.

ಒಂದರಲ್ಲಿ ಬೈಂಡ್ ಮಾಡಿಸಿದ ‘ಚಂದಮಾಮ’ ಮತ್ತು ‘ಕಸ್ತೂರಿ’. ಇನ್ನೊಂದರಲ್ಲಿ ಬಿಡಿ ‘ಸುಧಾ’ ಸಂಚಿಕೆಗಳು, ಅವುಗಳ ಕೆಳಗೆ ದಾರದಿಂದ ಕಟ್ಟಿದ ‘ಪ್ರಪಂಚ’ ವಾರಪತ್ರಿಕೆಯ ದಪ್ಪ ಕಟ್ಟು. ಮೆಣಸಿನಕಾಯಿ ಚೀಲದಲ್ಲಿಟ್ಟಿದ್ದಕ್ಕೋ ಏನೋ ಒಂದು ಹಾಳೆಗೂ ಗೆದ್ದಲು ಹತ್ತಿರಲಿಲ್ಲ.

ನಾನು ಬಿ.ಕಾಂ. ಮಾಡಿದವನು. ಒಪ್ಪಿಕೊಳ್ತೀನಿ, ನನ್ನ ತಲೆಗೆ ಮೊದಲು ಬಂದಿದ್ದು ಸಾಹಿತ್ಯ ಅಲ್ಲ, ರೇಟು. ರದ್ದಿಗೆ ಹಾಕಿದರೆ ಕೆ.ಜಿ.ಗೆ ಹದಿನಾಲ್ಕು ರೂಪಾಯಿ. ಅದೇ ರಾತ್ರಿ ಮೊಬೈಲ್‌ನಲ್ಲಿ ಹುಡುಕಿದರೆ, ಐವತ್ತರ ದಶಕದ ಒಂದೇ ಒಂದು ‘ಚಂದಮಾಮ’ಕ್ಕೆ ಯಾರೋ ಐನೂರು ಕೇಳ್ತಿದ್ದಾರೆ, ಇನ್ಯಾರೋ ಆರುನೂರಕ್ಕೆ ಏರಿಸ್ತಿದ್ದಾರೆ. ಮರುದಿನ ಎರಡೂ ಚೀಲ ಹಾವೇರಿಗೆ ತಂದೆ. ಹಳೇ ಪತ್ರಿಕೆಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರುವ ನನ್ನ ವ್ಯಾಪಾರ ಹಾಗೆ ಶುರುವಾಯ್ತು.

ಇವತ್ತು ಆ ವ್ಯಾಪಾರದ ಕಥೆ ಹೇಳ್ತೀನಿ. ಆದರೆ ಈ ಕಾಗದಗಳು ನಮ್ಮ ಊರುಗಳಿಂದ ಹೊರಗೆ ಹೋಗಿದ್ದನ್ನು ಹೇಳೋ ಮುಂಚೆ, ಒಳಗೆ ಬಂದಿದ್ದು ಹೆಂಗೆ ಅಂತ ಹೇಳಬೇಕು.

ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ಒಂದೇ ರೈಲು ಹಳಿಯ ಮೇಲಿನ ಊರುಗಳು. ಹರಿಹರ ದಾಟಿ ಹುಬ್ಬಳ್ಳಿ ಕಡೆ ಹೊರಟರೆ ಇದೇ ಕ್ರಮದಲ್ಲಿ ಸಿಗುತ್ತವೆ. ಆಗ ಇದು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ. ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ, ಅಂದ್ರೆ ನಾನೂ ನಮ್ಮ ಜಿಲ್ಲೆಯೂ ಒಂದೇ ವಯಸ್ಸಿನವರು. ಶಾಲೆ, ಕೋರ್ಟು, ಪುಸ್ತಕ ಎಲ್ಲದಕ್ಕೂ ಜನ ಧಾರವಾಡದ ಕಡೆ ಮುಖ ಮಾಡ್ತಿದ್ದರು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಅಲ್ಲಿಂದಲೇ ‘ವಾಗ್ಭೂಷಣ’ ತರ್ತಿತ್ತು. ಆಲೂರು ವೆಂಕಟರಾಯರ ‘ಜಯ ಕರ್ನಾಟಕ’ 1922ರಲ್ಲಿ ಶುರುವಾಗಿದ್ದೂ ಧಾರವಾಡದಲ್ಲೇ.

ಆದರೆ ಧಾರವಾಡಕ್ಕೆ ಕಾಯದೆ, ನಮ್ಮ ತಾಲೂಕಿನ ಹಳ್ಳಿಯಲ್ಲೇ ಒಂದು ಮಾಸಪತ್ರಿಕೆ ಹುಟ್ಟಿತ್ತು. ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ 1907ರಲ್ಲಿ ಬಂದ ‘ಸದ್ಬೋಧ ಚಂದ್ರಿಕೆ’. ಅದರ ಸಂಪಾದಕರು ವೆಂಕಟೇಶ ತಿರಕೋ ಕುಲಕರ್ಣಿ. ಈ ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲ್ಲ, ಗಳಗನಾಥರು ಅಂದ್ರೆ ಗೊತ್ತಾಗುತ್ತೆ. ವರದಾ ನದಿ ತುಂಗಭದ್ರೆಗೆ ಕೂಡುವಲ್ಲಿರೋ ಗಳಗನಾಥ ಊರಿನವರು. ಹುಟ್ಟಿದ್ದು 1869, ತೀರಿಕೊಂಡಿದ್ದು 1942. ಶಾಲಾ ಮಾಸ್ತರಿಕೆ ಮಾಡ್ತಿದ್ದವರು ಪತ್ರಿಕೆ, ಕಾದಂಬರಿ ಅಂತ ಹೊರಟರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ತಾವೂ ಬರೆದರು. ಆ ಕಾಲದ ಧಾರವಾಡ ಕಡೆಯ ಓದುಬರಹ ಬಲ್ಲ ಮಂದಿ ಮರಾಠಿ ಓದ್ತಿದ್ದರು, ಅವರನ್ನು ಕನ್ನಡಕ್ಕೆ ಎಳೆದು ತರಬೇಕಿತ್ತು.

ಗಳಗನಾಥರ ಬಗ್ಗೆ ನಮ್ಮ ಕಡೆ ಇವತ್ತಿಗೂ ಹೇಳೋ ಮಾತು ಒಂದಿದೆ. ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ, ಮನೆ ಬಾಗಿಲಿಗೆ ಹೋಗಿ ಮಾರ್ತಿದ್ದರಂತೆ. ನಮ್ಮ ಅಜ್ಜ ಇದನ್ನು ಹೇಳುವಾಗ ಯಾವಾಗಲೂ ಒಂದು ಮಾತು ಸೇರಿಸ್ತಿದ್ದರು: “ಮಾರಾಕ ಬಂದವ್ರು ಬರದವ್ರೇ ಅಂತ ಕೊಂಡವ್ರಿಗೆ ಗೊತ್ತಿರತಿದ್ದಿಲ್ಲ.” ಅದು ನಿಜವೋ ಅಜ್ಜನ ಸೇರ್ಪಡೆಯೋ, ನನಗೆ ಮಾತ್ರ ಆ ಚಿತ್ರ ಬಿಟ್ಟು ಹೋಗಿಲ್ಲ.

ದೂರದವರಿಗೆ ಅಂಚೆ ಇತ್ತು. ಈ ದೇಶದಲ್ಲಿ ವಿ.ಪಿ. ಪದ್ಧತಿ ಬಂದಿದ್ದು 1877ರಲ್ಲಿ, ಮನಿ ಆರ್ಡರ್ 1880ರಲ್ಲಿ. ಪುಸ್ತಕ ಮನೆಗೆ ಬರುತ್ತೆ, ದುಡ್ಡು ಪೋಸ್ಟ್‌ಮನ್ ಕೈಗೆ ಕೊಟ್ಟು ಬಿಡಿಸಿಕೊಳ್ಳೋದು. ಈಗ ನಾವು ಕ್ಯಾಶ್ ಆನ್ ಡೆಲಿವರಿ ಅಂತ ಭಾರೀ ಹೊಸದು ಅನ್ನೋ ಹಂಗೆ ಮಾತಾಡ್ತೀವಲ್ಲ, ನಮ್ಮ ಮುತ್ತಜ್ಜನ ಕಾಲಕ್ಕೇ ಇತ್ತು ಅದು.

ಇನ್ನು ‘ಪ್ರಪಂಚ’. ಪಾಟೀಲ ಪುಟ್ಟಪ್ಪನವರು ನಮ್ಮ ಹಾವೇರಿ ತಾಲೂಕಿನ ಕುರಬಗೊಂಡದವರು. ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಪತ್ರಿಕೋದ್ಯಮ ಓದಿ ಬಂದು, 1954ರಲ್ಲಿ ಹುಬ್ಬಳ್ಳಿಯಿಂದ ‘ಪ್ರಪಂಚ’ ವಾರಪತ್ರಿಕೆ ಶುರು ಮಾಡಿದರು. ಏಕೀಕರಣಕ್ಕೆ ಇನ್ನೂ ಎರಡು ವರ್ಷ ಇತ್ತು. ಅಂದ್ರೆ ಬ್ಯಾಡಗಿಯಲ್ಲಿ ಕೂತು ‘ಪ್ರಪಂಚ’ ಓದೋ ನಮ್ಮ ಅಜ್ಜ ಕಾಗದದ ಮೇಲೆ ಮುಂಬೈ ರಾಜ್ಯದವರು, ತುಂಗಭದ್ರೆ ದಾಟಿದರೆ ಹರಿಹರ ಮೈಸೂರು ರಾಜ್ಯ. 1956ರ ನವೆಂಬರ್ 1ಕ್ಕೆ ಆ ಗಡಿ ಹೋಯ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯಿಂದಲೇ ‘ಕಸ್ತೂರಿ’ ಶುರುವಾಗಿತ್ತು. ‘ಸುಧಾ’ ಬರೋದಕ್ಕೆ ಇನ್ನೂ ಹೊತ್ತಿತ್ತು, ಅದು 1965ರದ್ದು. ಹೀಗೆ ಅಜ್ಜನ ಎರಡು ಚೀಲಗಳಲ್ಲಿ ಒಬ್ಬ ಗುಮಾಸ್ತನ ಓದು ಹತ್ತು ಹದಿನೈದು ವರ್ಷ ಬೆಳೆದಿದ್ದು ಪದರ ಪದರವಾಗಿ ಕೂತಿತ್ತು. ಅವತ್ತು ನನಗೆ ಅದು ಕಾಣಲಿಲ್ಲ. ಸ್ಟಾಕ್ ಕಂಡಿತು.

ಈಗ ಹರಾಜಿಗೆ ಬರೋಣ. ನಮ್ಮ ಕಡೆ ಹಿರಿಯರು ಹರಾಜು ಅನ್ನೋದಕ್ಕಿಂತ ಲಿಲಾವು ಅಂತಾರೆ. ‘ಕಸ್ತೂರಿ’ಯಲ್ಲಿ ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಓದಿ ಬೆಳೆದವರಿಗೆ ಇಂಥ ಶಬ್ದ ಕಂಡರೆ ಕೈ ಕೆರೆಯುತ್ತೆ. ಲಿಲಾವು ಪೋರ್ಚುಗೀಸರಿಂದ ಮರಾಠಿಗೆ, ಅಲ್ಲಿಂದ ನಮಗೆ. ಹರಾಜು ಅರಬ್ಬಿ ಮೂಲದ್ದು. ಎರಡೂ ವ್ಯಾಪಾರಿಗಳ ಬೆನ್ನು ಹತ್ತಿ ಬಂದ ಶಬ್ದಗಳು.

ಆನ್‌ಲೈನ್ ಲಿಲಾವಿನ ಕಥೆ 1995ರಿಂದ ಶುರು. ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ಅನ್ನೋ ಪ್ರೋಗ್ರಾಮರ್ ‘ಆಕ್ಷನ್‌ವೆಬ್’ ಅಂತ ಒಂದು ತಾಣ ಮಾಡಿದ, ಅದೇ ಮುಂದೆ ಇಬೇ ಆಯ್ತು. ಅಲ್ಲಿ ಮೊದಲು ಮಾರಾಟವಾಗಿದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರ್‌ಗೆ. ಕೆಟ್ಟಿದ್ದು ಅಂತ ಗೊತ್ತಿದೆಯಾ ಅಂತ ಕೇಳಿದರೆ, ಕೊಂಡವನು ‘ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ನಾನು ಸಂಗ್ರಹಿಸೋದು’ ಅಂದನಂತೆ. ಭಾರತದಲ್ಲಿ 2000ದಲ್ಲಿ ಬಾಝೀ ಡಾಟ್ ಕಾಮ್ ಬಂತು. 2004ರಲ್ಲಿ ಇಬೇ ಅದನ್ನು ಸುಮಾರು 5 ಕೋಟಿ ಡಾಲರ್ ಕೊಟ್ಟು ಕೊಂಡಿತು. 2017ರಲ್ಲಿ ಇಬೇ ಇಂಡಿಯಾ ಫ್ಲಿಪ್‌ಕಾರ್ಟ್ ಕೈಗೆ ಹೋಯ್ತು, 2018ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು. ನಾನು ವ್ಯಾಪಾರಕ್ಕಿಳಿಯುವ ಹೊತ್ತಿಗೆ ಹಳೇ ನಾಣ್ಯ, ಅಂಚೆಚೀಟಿ, ಪತ್ರಿಕೆಗಳ ಲಿಲಾವು ಫೇಸ್‌ಬುಕ್ ಗುಂಪುಗಳಿಗೆ, ವಾಟ್ಸ್‌ಆ್ಯಪ್‌ಗೆ ಇಳಿದಿತ್ತು. ಫೋಟೋ ಹಾಕು, ಮೂಲ ಬೆಲೆ ಬರೆ, ರಾತ್ರಿ ಒಂಬತ್ತಕ್ಕೆ ಮುಗಿತದ ಅಂತ ಹೇಳು. ಕೆಳಗೆ ಕಾಮೆಂಟ್‌ನಲ್ಲಿ ಸವಾಲು ಏರ್ತಾ ಹೋಗುತ್ತೆ.

ಲಿಲಾವು ಅಂದ್ರೆ ಏನು ಅಂತ ನನಗೆ ಕಾಲೇಜು ಕಲಿಸಲಿಲ್ಲ, ಬ್ಯಾಡಗಿ ಕಲಿಸಿತು. ಅಲ್ಲಿಯ ಎ.ಪಿ.ಎಂ.ಸಿ.ಯಲ್ಲಿ ಮೆಣಸಿನಕಾಯಿ ಮಾರೋದು ಕೂಗಿ ಅಲ್ಲ, ಟೆಂಡರ್ ಹಾಕಿ. ರೈತ ಚೀಲಗಳನ್ನು ದಲಾಲಿ ಅಂಗಡಿಯ ಮುಂದೆ ಇಳಿಸ್ತಾನೆ, ಅದಕ್ಕೊಂದು ಲಾಟ್ ನಂಬರ್. ಖರೀದಿದಾರರು ಸಾಲಾಗಿ ಬಂದು ಚೀಲದೊಳಗೆ ಕೈ ಹಾಕಿ ಬಣ್ಣ ನೋಡ್ತಾರೆ, ಸುಕ್ಕು ನೋಡ್ತಾರೆ, ಹಸಿ ಇದೆಯಾ ಅಂತ ಮುರಿದು ನೋಡ್ತಾರೆ. ಡಬ್ಬಿ ಬೇರೆ, ಕಡ್ಡಿ ಬೇರೆ. ಆಮೇಲೆ ತಮ್ಮ ರೇಟನ್ನು ಗುಟ್ಟಾಗಿ ಹಾಕ್ತಾರೆ. ಮುಂಚೆ ಚೀಟಿಯಲ್ಲಿ, ಈಗ ಕಂಪ್ಯೂಟರಿನಲ್ಲಿ. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಬಂದ ಮೇಲೆ ಇ-ಟೆಂಡರ್ ಅನ್ನೋ ಮಾತು ನಮ್ಮ ಹಳ್ಳಿಯ ಕಟ್ಟೆಗಳ ಮೇಲೂ ಕೇಳಿಸುತ್ತೆ. ಯಾರದು ಹೆಚ್ಚೋ ಅವರಿಗೆ ಮಾಲು, ಅವರು ಬರೆದಷ್ಟೇ ದುಡ್ಡು.

ಇಬೇ ಮಾಡಿದ್ದು ಬೇರೆ. ನೀನು ಗರಿಷ್ಠ ಎಷ್ಟು ಕೊಡ್ತೀಯ ಅಂತ ಮೊದಲೇ ಹೇಳಿಬಿಡು, ನಿನ್ನ ಪರವಾಗಿ ಯಂತ್ರವೇ ಸವಾಲು ಏರಿಸುತ್ತೆ. ಗೆದ್ದರೆ ನೀನು ಕೊಡೋದು ನಿನ್ನ ಗರಿಷ್ಠ ಅಲ್ಲ, ಎರಡನೇ ಸ್ಥಾನದವನ ಬೆಲೆಗಿಂತ ಒಂದು ಚೂರು ಹೆಚ್ಚು. ವಿಲಿಯಂ ವಿಕ್ರಿ ಅನ್ನೋ ಅರ್ಥಶಾಸ್ತ್ರಜ್ಞ 1961ರಲ್ಲಿ ಇಂಥ ಲಿಲಾವಿನ ಬಗ್ಗೆ ಪ್ರಬಂಧ ಬರೆದ, 1996ರಲ್ಲಿ ನೊಬೆಲ್ ಬಂತು, ಪ್ರಕಟವಾಗಿ ಮೂರೇ ದಿನಕ್ಕೆ ತೀರಿಕೊಂಡ. ತಮಾಷೆ ಅಂದ್ರೆ ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು 1890ರ ದಶಕದಲ್ಲೇ, ಟಪಾಲಿನಲ್ಲಿ ಬಂದ ಸವಾಲುಗಳಿಗೆ ಇದೇ ನಿಯಮ ಹಚ್ಚಿದ್ದರು.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಲಿಲಾವಿನಲ್ಲಿ ಬೆಲೆ ಬರಬೇಕಾದರೆ ಕನಿಷ್ಠ ಇಬ್ಬರು ಬೇಕು. ಒಬ್ಬನೇ ಇದ್ದರೆ ಅವನು ಎಷ್ಟೇ ಹುಚ್ಚನಾಗಿದ್ದರೂ ಮೂಲ ಬೆಲೆಗೇ ಒಯ್ತಾನೆ. ಬ್ಯಾಡಗಿಯ ಅಂಗಳಕ್ಕೆ ನೂರಾರು ಖರೀದಿದಾರರು ಬರ್ತಾರೆ, ಆದರೂ ದರ ಬಿದ್ದಾಗ ಜನ ಸುಮ್ಮನಿರಲ್ಲ. 2024ರ ಮಾರ್ಚ್ 11ರಂದು ದರ ಕುಸಿತಕ್ಕೆ ಸಿಟ್ಟೆದ್ದ ರೈತರು ವಾಹನಗಳಿಗೆ ಬೆಂಕಿ ಹಚ್ಚಿದ್ದು, ಎ.ಪಿ.ಎಂ.ಸಿ. ಕಚೇರಿಗೆ ನುಗ್ಗಿದ್ದು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. ಹಳೇ ಕನ್ನಡ ಪತ್ರಿಕೆಗೆ ಆ ಥರದ ಅಂಗಳವೇ ಇಲ್ಲ. ಬೆಲೆ ಬಿದ್ದರೆ ಸಿಟ್ಟಾಗೋರೂ ಇಲ್ಲ.

ನನ್ನ ಮೊದಲ ಲಾಟ್ 1958ರ ‘ಚಂದಮಾಮ’, ಹನ್ನೆರಡು ತಿಂಗಳದ್ದೂ ಸೇರಿಸಿ ಹೊಲಿದ ಒಂದು ಸಂಪುಟ. ‘ಚಂದಮಾಮ’ ಗೊತ್ತಲ್ರೀ, 1947ರ ಜುಲೈನಲ್ಲಿ ಮದ್ರಾಸಿನಿಂದ ನಾಗಿ ರೆಡ್ಡಿ, ಚಕ್ರಪಾಣಿ ತೆಲುಗು ಮತ್ತು ತಮಿಳಿನಲ್ಲಿ ಶುರು ಮಾಡಿದ್ದು. ಕನ್ನಡಕ್ಕೆ ಬಂದಿದ್ದು 1949ರ ಜುಲೈನಲ್ಲಿ. ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರು ಅದಕ್ಕೆ ಬರೆದ ಮಹಾಭಾರತದ ಮುಖಪುಟಗಳನ್ನು ಜನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತಿದ್ದರು. 2007ರಲ್ಲಿ ಮುಂಬೈನ ಒಂದು ಸಾಫ್ಟ್‌ವೇರ್ ಕಂಪನಿ ಪತ್ರಿಕೆಯನ್ನು ಕೊಂಡಿತು, ಕೆಲವೇ ವರ್ಷಗಳಲ್ಲಿ ಅಚ್ಚಾಗೋದೇ ನಿಂತಿತು. ಪತ್ರಿಕೆ ನಿಂತ ಮೇಲೆ ಹಳೇ ಸಂಚಿಕೆಯ ಬೆಲೆ ಏರಿತು, ಅದು ಸಹಜ.

ಇಡೀ ಸಂಪುಟಕ್ಕೆ ಬಂದ ಹೆಚ್ಚಿನ ಸವಾಲು 3,200. ಅಷ್ಟರಲ್ಲಿ ಇನ್‌ಬಾಕ್ಸ್‌ಗೆ ಮೆಸೇಜು ಮೇಲೆ ಮೆಸೇಜು: ಬಿಡಿಬಿಡಿಯಾಗಿ ಕೊಡ್ತೀರಾ? ಒಬ್ಬರಿಗೆ ತಾವು ಹುಟ್ಟಿದ ತಿಂಗಳ ಸಂಚಿಕೆ ಬೇಕು. ಇನ್ನೊಬ್ಬರಿಗೆ ಮುಖಪುಟ ಮಾತ್ರ ಬೇಕು, ಒಳಗಿನದು ನೀವೇ ಇಟ್ಕೊಳ್ರಿ ಅಂದರು. ನಾನು ಲಿಲಾವು ರದ್ದು ಮಾಡಿದೆ, ಹೊಸ ಬ್ಲೇಡ್ ತಂದೆ, ಅಜ್ಜ ಹೊಲಿಸಿದ ದಾರ ಕತ್ತರಿಸಿದೆ. ಬಿಡಿಯಾಗಿ ಮಾರಿದಾಗ ಒಟ್ಟು 7,450 ಬಂತು. ಹನ್ನೆರಡು ಸಂಚಿಕೆ ಒಂಬತ್ತು ಊರಿಗೆ ಹೋದವು: ಬೆಂಗಳೂರು, ಮೈಸೂರು, ಪುಣೆ, ಹೀಗೆ. ಒಂದೂ ಹಾವೇರಿ ಜಿಲ್ಲೆಯಲ್ಲಿ ಉಳಿಯಲಿಲ್ಲ.

ತಿಂಗಳ ಮೇಲೆ ಪುಣೆಯವರು ಬರೆದರು. ವಯಸ್ಸಾದವರು, ಮಾತಿನಲ್ಲೇ ಗೊತ್ತಾಗ್ತಿತ್ತು. ಅವರು ಕೊಂಡ ಎರಡು ಸಂಚಿಕೆಯಲ್ಲಿ ಒಂದು ಧಾರಾವಾಹಿಯ ನಡುವಿನ ಕಂತುಗಳಿದ್ದವು. “ಮುಂದಿನ ಭಾಗ ಯಾರ ಹತ್ತಿರ ಇದೆ ಸ್ವಲ್ಪ ಹೇಳ್ತೀರಾ? ಸಣ್ಣವನಿದ್ದಾಗಲೂ ಇಲ್ಲೇ ತಪ್ಪಿ ಹೋಗಿತ್ತು.” ನಾನು ಪಟ್ಟಿ ತೆಗೆದು ನೋಡಿದೆ. ಮುಂದಿನ ಸಂಚಿಕೆ ಕೊಂಡವರು ಮುಖಪುಟ ಮಾತ್ರ ಕೇಳಿದವರು. ಫೋನ್ ಮಾಡಿದರೆ, “ಒಳಗಿಂದೆಲ್ಲ ಎಲ್ಲಿ ಹೋಯ್ತೋ ಏನೋ” ಅಂದರು.

ಮೆಣಸಿನಕಾಯಿ ಲಾಟನ್ನು ಯಾರೂ ಒಂದೊಂದೇ ಕಾಯಿ ಮಾಡಿ ಮಾರಲ್ಲ. ಆದರೆ ನಾನು ಮಾಡಿದ ಲೆಕ್ಕ ತಪ್ಪಲ್ಲ, 4,250 ರೂಪಾಯಿ ಹೆಚ್ಚಿಗೆ ಬಂದಿದ್ದು ನಿಜ. ಆ ದುಡ್ಡಿನಲ್ಲೇ ಈ ಮೈಕ್ ಕೊಂಡಿದ್ದೂ ನಿಜ.

ವ್ಯಾಪಾರದ ಕೆಲವು ಪಾಠ ಬೇಗ ಹೇಳಿಬಿಡ್ತೀನಿ, ಇದಕ್ಕೆ ಇಳಿಯಬೇಕು ಅನ್ನೋರು ಈಗಲೂ ಮೆಸೇಜ್ ಮಾಡ್ತಿರ್ತಾರೆ. ಮಾರುವವನ ಗೆಳೆಯನೇ ಸುಳ್ಳು ಸವಾಲು ಹಾಕಿ ಏರಿಸೋದು ಮಾಮೂಲು. ಒಂದು ಗುಂಪಿನಲ್ಲಿ ನಾನೇ ಅದಕ್ಕೆ ಸಿಕ್ಕು ಒಂದು ಹಳೇ ‘ಕರ್ಮವೀರ’ಕ್ಕೆ ದುಪ್ಪಟ್ಟು ಕೊಟ್ಟೆ. ವಾಚನಾಲಯದ ಸೀಲ್ ಇರುವ ಸಂಚಿಕೆ ಬಂದರೆ ಅದು ಹೊರಗೆ ಬಂದಿದ್ದು ಹೇಗೆ ಅಂತ ಕೇಳ್ರಿ, ಉತ್ತರ ತಡವರಿಸಿದರೆ ಕೈ ಬಿಡ್ರಿ. ಹೊರದೇಶದ ಕನ್ನಡಿಗರು ಒಳ್ಳೇ ಬೆಲೆ ಕೊಡ್ತಾರೆ. ಆದರೆ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 75 ವರ್ಷ ದಾಟಿದ, ಐತಿಹಾಸಿಕ ಇಲ್ಲವೇ ಸಾಹಿತ್ಯಿಕ ಮಹತ್ವದ ದಾಖಲೆಯನ್ನು ಖಾಸಗಿಯವರು ದೇಶದ ಹೊರಗೆ ಕಳಿಸೋ ಹಂಗಿಲ್ಲ. ಅಷ್ಟು ಹಳೇದನ್ನು ನಾನು ಹೊರಗೆ ಕಳಿಸಲ್ಲ ಅಂತ ಬರೆದೇ ಹಾಕ್ತೀನಿ. ಇನ್ನು ಅಂಚೆ. ಪುಸ್ತಕಕ್ಕೆ ಇದ್ದ ಅಗ್ಗದ ನೋಂದಾಯಿತ ಅಂಚೆ 2024ರ ಡಿಸೆಂಬರ್‌ನಲ್ಲಿ ನಿಂತುಹೋಯ್ತು, ಆಮೇಲೆ 2025ರ ಮೇ ತಿಂಗಳಲ್ಲಿ ಜ್ಞಾನ ಪೋಸ್ಟ್ ಅಂತ ಬೇರೆ ಸೇವೆ ಬಂತು. ನಡುವಿನ ತಿಂಗಳುಗಳಲ್ಲಿ ಎಪ್ಪತ್ತು ರೂಪಾಯಿ ಸಂಚಿಕೆಗೆ ಅದಕ್ಕಿಂತ ಹೆಚ್ಚು ಕಳಿಸೋ ಖರ್ಚು.

ಈಗ ‘ಪ್ರಪಂಚ’.

‘ಚಂದಮಾಮ’ ಹೋಯ್ತು, ‘ಸುಧಾ’ ಸ್ವಲ್ಪ ಸ್ವಲ್ಪ ಹೋಯ್ತು. ‘ಪ್ರಪಂಚ’ದ ಕಟ್ಟನ್ನು ಮಾತ್ರ ಒಡೆಯಬಾರದು ಅಂತ ನಿರ್ಧರಿಸಿದ್ದೆ, ಪುಣೆಯವರ ಮಾತು ಕಿವಿಯಲ್ಲಿತ್ತು. ನಾಲ್ಕು ಸಂಚಿಕೆ ಹೊರತೆಗೆದು ಫೋಟೋ ಹೊಡೆದೆ. ನೂರಕ್ಕೂ ಹೆಚ್ಚು ಸಂಚಿಕೆ, ಐವತ್ತರ ದಶಕದ್ದು, ಬಿಡಿ ಇಲ್ಲ, ಮೂಲ ಬೆಲೆ 2,000 ಅಂತ ಬರೆದೆ. ಮಾಲಿನ ದೋಷ ಮುಚ್ಚಿಡಬಾರದು ಅನ್ನೋದು ನನ್ನ ನಿಯಮ. ಹಾಗಾಗಿ ಕೊನೆಗೆ ಒಂದು ಸಾಲು ಸೇರಿಸಿದೆ: ‘ಕೆಲವು ಪುಟಗಳ ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ.’

ಒಂದೂ ಸವಾಲು ಬರಲಿಲ್ಲ. 1,000ಕ್ಕೆ ಇಳಿಸಿದೆ, 500ಕ್ಕೆ ಇಳಿಸಿದೆ. ಲೈಕ್ ಬಂತು, ಕೈ ಮುಗಿದ ಇಮೋಜಿ ಬಂತು, ಪಾಪು ಅವರ ಭಾಷಣ ಕೇಳಿದ್ದೆ ಅಂತ ನೆನಪುಗಳು ಬಂದವು. 2020ರ ಮಾರ್ಚ್‌ನಲ್ಲಷ್ಟೇ ಅವರು ತೀರಿಕೊಂಡಿದ್ದರು, ಜನಕ್ಕೆ ಅಭಿಮಾನ ಇತ್ತು, ಕೊಳ್ಳೋ ಮನಸ್ಸಿರಲಿಲ್ಲ. ‘ಚಂದಮಾಮ’ವನ್ನು ಜನ ಕೊಳ್ಳೋದು ತಮ್ಮ ಬಾಲ್ಯಕ್ಕೆ. ರಾಜಕೀಯ ವಾರಪತ್ರಿಕೆ ಓದಿದ ವಯಸ್ಸಿಗೆ ಯಾರೂ ವಾಪಸು ಹೋಗಲ್ಲವೇನೋ.

ಕಟ್ಟನ್ನು ರಾಣೇಬೆನ್ನೂರಿನ ಚಿಕ್ಕಪ್ಪನ ಮನೆ ಪಡಸಾಲೆಯಲ್ಲಿಟ್ಟೆ. ನಮ್ಮ ಹಾವೇರಿ ಮನೆ ಬಾಡಿಗೆಯದು, ಜಾಗ ಇರಲಿಲ್ಲ. ದೀಪಾವಳಿ ಮುಂದೆ ಮನೆ ಸುಣ್ಣ ಮಾಡಿಸಿದರು. ರದ್ದಿಯವನು ಗಾಡಿ ತಂದಿದ್ದ. ಚಿಕ್ಕಮ್ಮ ನನ್ನನ್ನು ಕೇಳಲೂ ಇಲ್ಲ, ಮುಚ್ಚಿಡಲೂ ಇಲ್ಲ. ಮುಂದಿನ ಸಲ ಹೋದಾಗ, “ಅವು ಯಾರೂ ತಗೊಳ್ಳಿಲ್ಲ ಅಂದಿದ್ದೆಲ್ಲೋ, ಅದಕ್ಕ ಕೊಟ್ಟಬಿಟ್ಟೆ” ಅಂದರು. ನಾನು ಆಗಲಿ ಬಿಡಿ ಅಂದೆ. ಊಟ ಮಾಡಿ ಬಂದೆ. ಆವತ್ತು ನನಗೆ ಬೇಜಾರೂ ಆಗಲಿಲ್ಲ, ಅದನ್ನೂ ಹೇಳಿಬಿಡ್ತೀನಿ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆಯ್ತು. ಆ ಮೂರು ದಿನ ನಾನು ಪುಸ್ತಕ ಮಳಿಗೆಗಳಲ್ಲೇ ಇದ್ದೆ. ಅದಾದ ಮೇಲೆ ನಮ್ಮ ಜಿಲ್ಲೆಯ ಪತ್ರಿಕೆಗಳ ಮೇಲೆ ಒಂದು ಪಾಡ್‌ಕಾಸ್ಟ್ ಸಂಚಿಕೆ ಮಾಡೋಣ ಅಂತ ಮೊಬೈಲಿನ ಹಳೇ ಫೋಟೋಗಳನ್ನು ತೆಗೆದೆ. ‘ಪ್ರಪಂಚ’ದ ನಾಲ್ಕು ಫೋಟೋ ಇದ್ದವು. ಅಂಚಿನ ಆ ಪೆನ್ಸಿಲ್ ಗುರುತನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ.

‘ದ’ ಅಂತ ಒಂದು ಅಕ್ಷರ, ಮುಂದೆ ಒಂದು ಅಂಕಿ. ಕೆಳಗೆ ‘ಕ’, ಮುಂದೆ ಇನ್ನೊಂದು ಅಂಕಿ. ಅದರ ಕೆಳಗೆ ‘ಗಾ’, ಒಂದು ಅಂಕಿ. ನಾಲ್ಕೂ ಫೋಟೋದಲ್ಲಿ ಹಾಗೇ.

ಚಿಕ್ಕಪ್ಪನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. “ಇದು ಅಪ್ಪನ ಅಕ್ಷರಲೇ. ‘ದ’ ಅಂದ್ರ ಡಬ್ಬಿ, ಅಂವಾ ‘ಡ’ಕ್ಕೂ ‘ದ’ನೇ ಬರೀತಿದ್ದಾ. ‘ಕ’ ಅಂದ್ರ ಕಡ್ಡಿ. ‘ಗಾ’ ಅಂದ್ರ ಆ ವಾರ ಎಷ್ಟು ಗಾಡಿ ಬಂದುವು ಅಂತ.”

ಪತ್ರಿಕೆ ವಾರಕ್ಕೊಮ್ಮೆ ಬರ್ತಿತ್ತು. ಅಜ್ಜ ವಾರಕ್ಕೊಮ್ಮೆ ಅದರ ಅಂಚಿನಲ್ಲಿ ಬ್ಯಾಡಗಿ ಪೇಟೆಯ ದರ ಮತ್ತು ಬಂದ ಚಕ್ಕಡಿಗಳ ಲೆಕ್ಕ ಬರೆದಿಟ್ಟಿದ್ದರು. ಅಂಗಡಿಯ ಕಿರ್ದಿ ಮಾಲೀಕನದು, ಅದರಲ್ಲಿ ಅಂಗಡಿಯ ವ್ಯವಹಾರ ಮಾತ್ರ ಇರುತ್ತೆ. ಇಡೀ ಪೇಟೆ ಹೆಂಗಿತ್ತು ಅನ್ನೋದನ್ನ ಅವರು ತಮಗೋಸ್ಕರ ಬರೆದುಕೊಂಡಿದ್ದು. ಫೋಟೋದ ಮೊದಲ ಎರಡು ಸಂಚಿಕೆಯಲ್ಲಿ ದರ ರೂಪಾಯಿ, ಆಣೆಯಲ್ಲಿದೆ. ಉಳಿದೆರಡರಲ್ಲಿ ನಯಾ ಪೈಸೆ. 1957ರ ಏಪ್ರಿಲ್ 1ಕ್ಕೆ ದಶಮಾನ ನಾಣ್ಯ ಬಂದಿದ್ದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಇಲ್ಲಿ ಒಬ್ಬ ಗುಮಾಸ್ತನ ಕೈ ಹೊಸ ಲೆಕ್ಕಕ್ಕೆ ಹೊರಳಿದ್ದು ಕಣ್ಣಿಗೆ ಕಾಣ್ತಿತ್ತು. ಅದಾದ ಸ್ವಲ್ಪ ಸಮಯಕ್ಕೇ ಮಣ, ಸೇರು ಹೋಗಿ ಕ್ವಿಂಟಲ್ ಬಂತು. ಅಜ್ಜ ಆ ಹೊರಳಾಟವನ್ನೂ ಬರೆದಿರಬೇಕು, ನೂರು ಚಿಲ್ಲರೆ ಸಂಚಿಕೆಗಳಲ್ಲಿ. ಏಕೀಕರಣ ಆದ ವಾರ ಬ್ಯಾಡಗಿಗೆ ಎಷ್ಟು ಗಾಡಿ ಬಂದಿದ್ದವು ಅನ್ನೋದೂ ಅದರಲ್ಲಿ ಇದ್ದಿರಬೇಕು. ಹರಿಹರದ ಗಡಿ ಹೋದ ಮೇಲೆ ಆ ಕಡೆಯ ಗಾಡಿ ಹೆಚ್ಚಾದವೋ ಇಲ್ಲವೋ ಅನ್ನೋ ಪ್ರಶ್ನೆಗೆ ಒಂದು ಕಾಮರ್ಸ್ ಪ್ರಬಂಧಕ್ಕಾಗುವಷ್ಟು ಉತ್ತರ ನಮ್ಮ ಅಟ್ಟದ ಮೇಲೇ ಇತ್ತು. ನಾನು ಅದನ್ನು ದೋಷ ಅಂತ ಬರೆದು 500 ರೂಪಾಯಿಗೆ ಇಳಿಸಿದ್ದೆ.

ಮನೆಯಲ್ಲಿ ಉಳಿದಿದ್ದ ‘ಕಸ್ತೂರಿ’ ಸಂಪುಟ ತೆಗೆದು ನೋಡಿದೆ. ಬೈಂಡರ್ ಅಂಚನ್ನು ನೀಟಾಗಿ ಕತ್ತರಿಸಿದ್ದಾನೆ. ಎರಡು ಕಡೆ ಕತ್ತರಿಗೆ ಸಿಕ್ಕು ಉಳಿದ ಅರ್ಧ ಅಂಕಿಗಳು. ಅಂದ್ರೆ ಅದರಲ್ಲೂ ಬರೆಯುತ್ತಿದ್ದರು. ಒಳ್ಳೇ ಬೈಂಡ್ ಇದೆ ಅಂತ ನಾನು ಅದಕ್ಕೆ ಹೆಚ್ಚಿನ ಮೂಲ ಬೆಲೆ ಇಟ್ಟಿದ್ದೆ.

ರಾಣೇಬೆನ್ನೂರಿಗೆ ಹೋದೆ. ರದ್ದಿ ಗಾಡಿಯವರು ಸಿಕ್ಕರು, ಪಾಪ, ನೆನಪು ಮಾಡಿಕೊಳ್ಳೋಕೆ ಬಹಳ ಪ್ರಯತ್ನಪಟ್ಟರು. ತಾವು ದೊಡ್ಡ ಅಂಗಡಿಗೆ ಹಾಕ್ತೀವಿ, ಅಲ್ಲಿಂದ ಲಾರಿ ತುಂಬಿ ಕಾಗದದ ಕಾರ್ಖಾನೆಗೆ ಅಂದರು. ದೊಡ್ಡ ಅಂಗಡಿಯವರು ನಕ್ಕರು, ಬೈಯಲಿಲ್ಲ. “ವರ್ಷದ ಮ್ಯಾಲೆ ಬಂದು ಕೇಳ್ತಿ ಅಲ್ಲೋ ತಮ್ಮಾ. ಇಲ್ಲಿ ಎಂಟು ದಿನ ಇಟ್ರ ಜಾಗ ಇರಂಗಿಲ್ಲ.” ಆದರೂ ಒಂದು ಮಾತು ಹೇಳಿದರು. ಹಳೇ ಪತ್ರಿಕೆ ಕಂಡರೆ ಆರಿಸಿಕೊಂಡು ಹೋಗೋ ಇಬ್ಬರು ಮೂವರು ಬರ್ತಿರ್ತಾರೆ, ಆನ್‌ಲೈನ್‌ನಲ್ಲಿ ಮಾರ್ತಾರಂತೆ, ಅವರು ಒಯ್ದಿದ್ದರೂ ಒಯ್ದಿರಬಹುದು ಅಂತ. ಅಂದ್ರೆ ನನ್ನಂಥವರು.

ಅವತ್ತಿನಿಂದ ನಾನು ಮಾರೋದು ಬಿಟ್ಟಿಲ್ಲ. ಬಿಟ್ಟೆ ಅಂತ ಹೇಳಿದರೆ ಸುಳ್ಳಾಗುತ್ತೆ, ಈ ಪಾಡ್‌ಕಾಸ್ಟ್ ನಡೆಯೋದೇ ಆ ದುಡ್ಡಿನಲ್ಲಿ. ಆದರೆ ಮಾರುವ ಮುಂಚೆ ಪ್ರತಿ ಪುಟದ ನಾಲ್ಕೂ ಅಂಚು ಬರುವ ಹಂಗೆ ಫೋಟೋ ತೆಗೀತೀನಿ, ಸಂಪುಟ ಆದರೆ ಒಡೆಯಲ್ಲ. ಇದರಿಂದ ಒಂದು ಲಾಟಿಗೆ ಎರಡು ದಿನ ಹೋಗುತ್ತೆ, ಲಾಭ ಅರ್ಧ ಆಗಿದೆ. ಸರ್ವೆಂಟ್ಸ್ ಆಫ್ ನಾಲೆಡ್ಜ್ ಅನ್ನೋ ಹೆಸರಿನಲ್ಲಿ ಕನ್ನಡದ ಹಳೇ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸೋ ಕೆಲಸ ನಡೀತಿದೆ, ನೀವೂ ನೋಡಿರಬಹುದು. ಮಾರೋದಕ್ಕಿಂತ ಮುಂಚೆ ಅಲ್ಲಿ ಏನಿದೆ, ಏನಿಲ್ಲ ಅಂತ ನೋಡೋದು ನನಗೆ ಈಗ ರೂಢಿ.

ಮೊನ್ನೆ ಅದೇ ಹಳೇ ಪೋಸ್ಟ್‌ಗೆ, ಇಷ್ಟು ವರ್ಷದ ಮೇಲೆ, ಒಂದು ಕಾಮೆಂಟ್ ಬಂತು. ‘ಪ್ರಪಂಚ ಇನ್ನೂ ಇದೆಯಾ? 2,000 ಕೊಡ್ತೀನಿ.’ ನಾನು ಇಲ್ಲ ಅಂತ ಬರೆದು, ನಿಮಗೆ ಯಾಕೆ ಬೇಕಿತ್ತು ಅಂತ ಕೇಳಿದೆ. ಉತ್ತರ ಇನ್ನೂ ಬಂದಿಲ್ಲ.

ಕೇಳುಗರಲ್ಲಿ ಒಂದು ವಿನಂತಿ. ಲಿಲಾವಿನಲ್ಲೋ ರದ್ದಿ ಅಂಗಡಿಯಲ್ಲೋ ಐವತ್ತರ ದಶಕದ ‘ಪ್ರಪಂಚ’ ಕೊಂಡವರು ಯಾರಾದರೂ ಇದ್ದರೆ, ದಯವಿಟ್ಟು ಅಂಚು ನೋಡ್ರಿ. ಪೆನ್ಸಿಲ್‌ನಲ್ಲಿ ‘ದ’, ‘ಕ’, ‘ಗಾ’ ಅಂತ ಮೂರು ಸಾಲು ಇರುತ್ತೆ, ‘ಗಾ’ದ ದೀರ್ಘ ಸ್ವಲ್ಪ ಉದ್ದ ಎಳೆದಿರ್ತಾರೆ. ಪತ್ರಿಕೆ ವಾಪಸು ಕೊಡಬ್ಯಾಡ್ರಿ, ಅದು ನಿಮ್ಮದೇ. ಫೋಟೋ ಕಳಿಸಿದರೆ ಸಾಕು, ತಾರೀಖು ಕಾಣೋ ಹಂಗೆ.